ತಾಮ್ರವನ್ನು ಕಾಯ್ದ ಹಂಫ್ರಿ ಡೇವಿ

ಅಕೌಂಟೆನ್ಸಿಯಲ್ಲಿ ನಾವು ಪ್ರತಿವರ್ಷ ಯಂತ್ರದ ಬೆಲೆಯಿಂದ ಸವಕಳಿ ಕಳೆಯುತ್ತೇವೆ. ಲೋಹ ಸವೆಯಲು ಒಂದು ದೊಡ್ಡ ಕಾರಣ ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು. ಈ ನಷ್ಟ ತಡೆಯಲು ಇಂದಿಗೂ ಬಳಕೆಯಲ್ಲಿರುವ ಒಂದು ಉಪಾಯವನ್ನು ತೋರಿಸಿಕೊಟ್ಟವರು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಸರ್ ಹಂಫ್ರಿ ಡೇವಿ.

ಡೇವಿ 1778ರ ಡಿಸೆಂಬರ್ 17ರಂದು ಕಾರ್ನ್‌ವಾಲ್‌ನ ಪೆನ್ಜಾನ್ಸ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಮರದ ಕೆತ್ತನೆ ಕೆಲಸದವರು. ಅವರು 1794ರಲ್ಲಿ ಸಾಲ ಉಳಿಸಿ ತೀರಿಕೊಂಡರು. ಐದು ಮಕ್ಕಳಲ್ಲಿ ಹಿರಿಯರಾದ ಡೇವಿ ಮರುವರ್ಷವೇ, ನಮ್ಮ ವಯಸ್ಸಿನಲ್ಲಿ, ವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ರಸಾಯನಶಾಸ್ತ್ರವನ್ನು ಓದಿ, ಪ್ರಯೋಗ ಮಾಡಿ ತಾವೇ ಕಲಿತರು. 1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದರು. 1807ರಲ್ಲಿ ವಿದ್ಯುತ್ತಿನ ಸಹಾಯದಿಂದ ಪೊಟ್ಯಾಸಿಯಂ ಮತ್ತು ಸೋಡಿಯಂ, ಮರುವರ್ಷ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಬೇರ್ಪಡಿಸಿದರು. 1815ರಲ್ಲಿ ಗಣಿ ಕಾರ್ಮಿಕರಿಗಾಗಿ ಸುರಕ್ಷಾ ದೀಪ ತಯಾರಿಸಿದರು. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. 1820ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷರಾದರು.

ಆಗ ಬ್ರಿಟಿಷ್ ನೌಕಾಪಡೆಗೆ ಒಂದು ತೊಂದರೆ ಇತ್ತು. ಮರದ ಹಡಗಿನ ತಳವನ್ನು ಹುಳು ಕೊರೆಯದಂತೆ, ಪಾಚಿ ಮತ್ತು ಚಿಪ್ಪುಜೀವಿಗಳು ಅಂಟದಂತೆ ತಾಮ್ರದ ತಗಡು ಹೊದಿಸುತ್ತಿದ್ದರು. ಸಮುದ್ರದ ಉಪ್ಪುನೀರು ಆ ತಗಡನ್ನೇ ತಿಂದುಹಾಕುತ್ತಿತ್ತು. ಹೊಸ ತಗಡು ಹಾಕಿಸಲು ಬಹಳ ಹಣ ಬೇಕಿತ್ತು. 1823ರಲ್ಲಿ ಈ ಪ್ರಶ್ನೆ ಡೇವಿಯವರ ಬಳಿ ಬಂತು.

ಮದುವೆ ಅಡುಗೆಯ ತಾಮ್ರದ ದೇಗ್‌ಗೆ ಕಲಾಯಿ ಹಾಕಿಸುವುದನ್ನು ನಾವು ನೋಡಿದ್ದೇವೆ. ಅಲ್ಲಿ ತವರದ ಪದರ ತಾಮ್ರವನ್ನು ಮುಚ್ಚುತ್ತದೆ. ಡೇವಿ ತಾಮ್ರವನ್ನು ಮುಚ್ಚಲಿಲ್ಲ. ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿ ಉಪ್ಪುನೀರಿನಲ್ಲಿದ್ದರೆ ಬ್ಯಾಟರಿಯಂತೆ ಕೆಲಸ ಮಾಡುತ್ತವೆ. ಹೆಚ್ಚು ಕ್ರಿಯಾಶೀಲವಾದ ಲೋಹ ತಾನು ಕರಗಿ ಇನ್ನೊಂದನ್ನು ಉಳಿಸುತ್ತದೆ. ಬಟಾಣಿ ಕಾಳಿನಷ್ಟು ಸತುವು 40-50 ಚದರ ಇಂಚು ತಾಮ್ರವನ್ನು ಕಾಯಬಲ್ಲದೆಂದು ಪ್ರಯೋಗದಲ್ಲಿ ಕಂಡುಬಂತು. 1824ರಲ್ಲಿ ಇದನ್ನು ರಾಯಲ್ ಸೊಸೈಟಿಗೆ ತಿಳಿಸಿದರು. ನಮ್ಮ ಕೊಚ್ಚಿಯಲ್ಲಿ ತೇಗದ ಮರದಿಂದ ಕಟ್ಟಿದ್ದ ಸಮರಾಂಗ್ ಎಂಬ ಹಡಗಿಗೂ ಅದೇ ವರ್ಷ ಕಬ್ಬಿಣದ ತುಂಡುಗಳನ್ನು ಜೋಡಿಸಿ ಪರೀಕ್ಷೆಗೆ ಕಳುಹಿಸಿದರು. ತಾಮ್ರ ಉಳಿಯಿತು.

ಆದರೆ ಬಂದರಿನಲ್ಲಿ ನಿಂತ ಹಡಗುಗಳ ತಳಕ್ಕೆ ಪಾಚಿ, ಚಿಪ್ಪುಜೀವಿಗಳು ದಪ್ಪವಾಗಿ ಅಂಟಿಕೊಂಡವು. ಕಾರಣ ವಿಚಿತ್ರವಾಗಿತ್ತು. ತಾಮ್ರ ಸ್ವಲ್ಪಸ್ವಲ್ಪವೇ ಕರಗುತ್ತಿದ್ದಾಗ ಅದರ ವಿಷವೇ ಆ ಜೀವಿಗಳನ್ನು ದೂರ ಇಡುತ್ತಿತ್ತು. ಕರಗುವುದು ನಿಂತಾಗ ಆ ಕಾವಲೂ ಹೋಯಿತು. ಅಂಥ ತಳದ ಹಡಗು ನಿಧಾನವಾಗಿ ಸಾಗುತ್ತದೆ. ತಗಡಿನ ಖಾತೆಯಲ್ಲಿ ಉಳಿದ ಹಣ ಪ್ರಯಾಣದ ಖಾತೆಯಲ್ಲಿ ಖರ್ಚಾದಂತಾಯಿತು. ನೌಕಾಪಡೆ ಆ ತುಂಡುಗಳನ್ನು ತೆಗೆಸಿತು. ಪತ್ರಿಕೆಗಳು ಡೇವಿಯವರನ್ನು ಗೇಲಿ ಮಾಡಿದವು. ಅವರ ಆರೋಗ್ಯವೂ ಕೆಟ್ಟಿತು. 1827ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟರು. 1829ರ ಮೇ 29ರಂದು ಜಿನೀವಾದಲ್ಲಿ, 50ನೇ ವಯಸ್ಸಿನಲ್ಲಿ ನಿಧನರಾದರು.

ಡೇವಿಯವರ ತತ್ವ ತಪ್ಪಾಗಿರಲಿಲ್ಲ. ಅದನ್ನು ಬಳಸಿದ ಜಾಗ ಸರಿಹೊಂದಲಿಲ್ಲ ಅಷ್ಟೆ. ತಾಮ್ರ ಕರಗುವುದೇ ಅಲ್ಲಿ ಅದರ ಕೆಲಸವಾಗಿತ್ತು. ಮುಂದೆ ಹಡಗುಗಳು ಉಕ್ಕಿನವಾದವು. ಉಕ್ಕು ಕರಗಿದರೆ ಯಾವ ಲಾಭವೂ ಇಲ್ಲ. ಆದ್ದರಿಂದ ಇಂದು ಉಕ್ಕಿನ ಹಡಗಿನ ತಳಕ್ಕೆ ಸತುವಿನ ತುಂಡುಗಳನ್ನು ಜೋಡಿಸುತ್ತಾರೆ, ನೆಲದಡಿಯ ಪೈಪುಗಳನ್ನೂ ಇದೇ ತತ್ವದಿಂದ ಕಾಯುತ್ತಾರೆ. ಹಲವು ಗೀಸರ್‌ಗಳ ಒಳಗೆ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಒಂದು ಕಡ್ಡಿ ಇರುತ್ತದೆ. ಟ್ಯಾಂಕನ್ನು ಉಳಿಸಿ ಅದು ತಾನು ಕರಗುತ್ತದೆ. ಆ ಕಡ್ಡಿ ಡೇವಿಯವರೇ ಮೊದಲು ಬೇರ್ಪಡಿಸಿದ ಮೆಗ್ನೀಷಿಯಂನದು.