ಭೂಪಟದ ಋಣ

1754ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಜನಿಸಿದ ಕಾಲಿನ್ ಮೆಕೆಂಜಿ ಈಸ್ಟ್ ಇಂಡಿಯಾ ಕಂಪನಿಯ ಸೇನಾ ಎಂಜಿನಿಯರ್. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಪಾಲ್ಗೊಂಡ ಆತನಿಗೇ ಸೋತ ಮೈಸೂರಿನ ಮೋಜಣಿಯನ್ನು ವಹಿಸಲಾಯಿತು. ಹೂವಿನಹಡಗಲಿಯನ್ನೊಳಗೊಂಡ ಬಳ್ಳಾರಿ ಸೀಮೆಯನ್ನು ನಿಜಾಮ 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ತರುವಾಯ ಆತನ ಮೋಜಣಿ ಈ ಸೀಮೆಗೂ ಬಂತು. ದಾರಿ, ಕೋಟೆ, ಕೆರೆಗಳ ವಿವರ ಸೇನೆಗೂ ಕಂದಾಯಕ್ಕೂ ಒದಗಿತು. ಕಾವಲಿ ಬೋರಯ್ಯ, ಲಕ್ಷ್ಮಯ್ಯ ಸೋದರರ ನೆರವಿನಿಂದ ಆತ ಶಾಸನ, ಕೈಫಿಯತ್ತುಗಳನ್ನೂ ಸಂಗ್ರಹಿಸಿದ. 1815ರಲ್ಲಿ ಭಾರತದ ಪ್ರಥಮ ಸರ್ವೇಯರ್ ಜನರಲ್ ಆಗಿ ನೇಮಕಗೊಂಡು 1821ರಲ್ಲಿ ನಿಧನನಾದ. ಸಂಗ್ರಹಕಾರ್ಯ ಮುಂದುವರಿಸಲು ಲಕ್ಷ್ಮಯ್ಯ ಬಯಸಿದರೂ ಅವಕಾಶ ದೊರೆಯಲಿಲ್ಲ.

ಆ ಸಂಗ್ರಹವಿಲ್ಲದಿದ್ದರೆ ನಮ್ಮ ಸ್ಥಳೀಯ ಚರಿತ್ರೆ ಬಡವಾಗುತ್ತಿತ್ತು, ನಿಜ. ಆದರೆ ಊರಿನ ವೃತ್ತಾಂತ ಹೇಳಿದವರಿಗೆ ಅದರ ಬಳಕೆಯ ಮೇಲೆ ಯಾವ ಅಧಿಕಾರವೂ ಇರಲಿಲ್ಲ. ಸೇನೆಗಾಗಿ ನಕ್ಷೆ ರಚಿಸುವ ಇಂದಿನ ಭೂಗೋಳ ವಿದ್ವಾಂಸರೂ ಈ ಋಣವನ್ನು ಮರೆಯಲಾಗದು.