ಅಬಿಗೈಲ್ ಫ್ರಾಂಕ್ಸ್

ನ್ಯೂಯಾರ್ಕು ಬ್ರಿಟಿಷರ ವಸಾಹತಾಗಿದ್ದ ಕಾಲದಲ್ಲಿ ಅಲ್ಲಿ ಬಾಳಿದ ಯಹೂದಿ ಗೃಹಿಣಿ ಅಬಿಗೈಲ್. 1712ರಲ್ಲಿ ವರ್ತಕ ಜೇಕಬ್ ಫ್ರಾಂಕ್ಸನ ಕೈಹಿಡಿದಳು. ಹಿರಿಯ ಮಗ ನ್ಯಾಫ್ತಾಲಿ ಲಂಡನ್ನಿನಲ್ಲಿ ನೆಲೆಸಿದ. 1733ರಿಂದ 1748ರವರೆಗೆ ಆಕೆ ಅವನಿಗೆ ಬರೆದ ಮೂವತ್ತಕ್ಕೂ ಮಿಕ್ಕ ಕಾಗದಗಳು ಉಳಿದಿರುವುದರಿಂದಲೇ ನಾವು ಆಕೆಯನ್ನು ಬಲ್ಲೆವು. ಊರ ಸುದ್ದಿ, ಓದಿದ ಪುಸ್ತಕ, ಎಲ್ಲವೂ ಅವುಗಳಲ್ಲಿವೆ. ಸೋದರಮಾವನ ಮನೆಯಲ್ಲಾದರೂ ರೊಟ್ಟಿ ಬೆಣ್ಣೆಯ ಹೊರತು ಏನನ್ನೂ ತಿನ್ನಬಾರದೆಂದು ಮಗನಿಗೆ ತಾಕೀತು ಮಾಡಿದ್ದಳು. ಮಡಿಯಲ್ಲಿ ನಮ್ಮ ಅಜ್ಜಿಯರಿಗೇನೂ ಕಡಮೆಯಲ್ಲ!

1742ರಲ್ಲಿ ಮಗಳು ಫೀಲಾ, ಕ್ರೈಸ್ತನಾದ ಆಲಿವರ್ ಡಿಲ್ಯಾನ್ಸಿಯನ್ನು ಗುಟ್ಟಾಗಿ ಮದುವೆಯಾದಳು. ಆರು ತಿಂಗಳು ತವರಿನಲ್ಲೇ ಏನೂ ತಿಳಿಯದಂತೆ ಇದ್ದು, ಆಮೇಲೆ ಗಂಡನಲ್ಲಿಗೆ ಹೋದಳು. ತಾಯಿಗೆ ಹೊರಗೆ ಮುಖ ತೋರಿಸುವುದೂ ಬೇಡವಾಯಿತು. ಭೇಟಿಗೆ ಅಪ್ಪಣೆ ಬೇಡಿ ಅಳಿಯ ಮತ್ತೆ ಮತ್ತೆ ಹೇಳಿಕಳುಹಿಸಿದ, ಆಕೆ ಒಪ್ಪಲಿಲ್ಲ. ಮಗಳನ್ನು ಎಂದೂ ನೋಡೆನೆಂದು ನಿಶ್ಚಯಿಸಿದಳು. ಆದರೂ ಆ ಕಾಗದದಲ್ಲಿ ಕೋಪಕ್ಕಿಂತ ಸಂಕಟವೇ ಹೆಚ್ಚೆಂದು ನಮಗೆ ತೋರುತ್ತದೆ. 1756ರಲ್ಲಿ ನ್ಯೂಯಾರ್ಕಿನಲ್ಲಿಯೇ ತೀರಿಕೊಂಡಳು. ಲಂಡನ್ನಿನ ಮಗನನ್ನೂ ಮತ್ತೆ ಕಾಣಲಿಲ್ಲ.