ವಂಶವೃಕ್ಷದಲ್ಲಿ ನಾಲ್ಕು ಹೆಸರು

ಕಳೆದ ರಜೆಯಲ್ಲಿ ಮರಳಿಯ ನಮ್ಮ ಮನೆಯಲ್ಲಿ ಒಂದು ಅರ್ಜಿ ತುಂಬಬೇಕಾಯಿತು. ದಾದಾ ಅವರ ಹೆಸರಿನಲ್ಲಿರುವ ಜಾಗವನ್ನು ವಾರಸುದಾರರ ಹೆಸರಿಗೆ ಮಾಡಿಸಲು ವಂಶವೃಕ್ಷ ಬೇಕಿತ್ತು. ಮನೆಯಲ್ಲಿ ಕನ್ನಡ ಚೆನ್ನಾಗಿ ಬರೆಯುವವರು ಯಾರೆಂದರೆ ನಾನೇ. ಹಾಗಾಗಿ ಅಬ್ಬಾ ಕಾಗದವನ್ನು ನನ್ನ ಕೈಗೆ ಕೊಟ್ಟರು. ನನ್ನ ಹೆಸರು, ಅಬ್ಬಾ, ದಾದಾ, ಪರದಾದಾ ಎಂದು ನಾಲ್ಕು ಹೆಸರು ಬರೆದೆ. ಅದಕ್ಕಿಂತ ಹಿಂದಿನವರು ಯಾರು ಎಂದು ಕೇಳಿದರೆ ದಾದಿ ಸುಮ್ಮನಾದರು. ನಮ್ಮ ಹಿರಿಯರು ಟಿಪ್ಪು ಸುಲ್ತಾನರ ದಂಡಿನಲ್ಲಿ ಕೊಪ್ಪಳ ಕೋಟೆಗೆ ಬಂದವರು ಎಂದು ನಮ್ಮ ಮನೆತನದ ಹುಡುಗರು ಹೇಳಿಕೊಳ್ಳುತ್ತಾರೆ. ಆದರೆ ಅದಕ್ಕೆ ಕಾಗದವಿಲ್ಲ. ನನಗೆ ಸ್ವಲ್ಪ ನಾಚಿಕೆಯೇ ಆಯಿತು.

ಆಮೇಲೆ ಟಿಪ್ಪು ಅವರ ತಂದೆ ಹೈದರ್ ಅಲಿಯವರ ಬಗ್ಗೆ ಓದಿದೆ. ಅವರ ಮನೆತನದ ಕಥೆಯೂ ಸುಮಾರು ನಾಲ್ಕು ಹೆಸರುಗಳಿಂದಲೇ ಶುರುವಾಗುತ್ತದೆ.

ಮುತ್ತಜ್ಜ ವಲಿ ಮುಹಮ್ಮದ್ ದೆಹಲಿ ಕಡೆಯಿಂದ ಕಲಬುರಗಿಗೆ ಬಂದು ಬಂದೇ ನವಾಜ್ ದರ್ಗಾದ ಆಶ್ರಯದಲ್ಲಿ ನೆಲೆಸಿದರು ಎಂದು ಹಳೆಯ ಚರಿತ್ರೆಗಳು ಹೇಳುತ್ತವೆ. ಅಜ್ಜ ಮುಹಮ್ಮದ್ ಅಲಿ ವಿಜಾಪುರದ ಮೂಲಕ ಕೋಲಾರಕ್ಕೆ ಹೋದರು. ತಂದೆ ಫತೇ ಮುಹಮ್ಮದ್ ಸಿಪಾಯಿಯಾಗಿ ಮೇಲೆ ಬಂದು ಶಿರಾದ ನವಾಬರ ಬಳಿ ಅಧಿಕಾರಿಯಾದರು. 1720ರ ಸುಮಾರಿಗೆ ಕೋಲಾರದ ಹತ್ತಿರದ ಬೂದಿಕೋಟೆಯಲ್ಲಿ ಹೈದರ್ ಹುಟ್ಟಿದರು. ನಂತರ ಬರೆದವರು ಈ ಮನೆತನದ ಬೇರನ್ನು ಅರಬ್ ನಾಡಿನವರೆಗೆ ಒಯ್ದರು. ದೊರೆಯಾದ ಮೇಲೆ ವಂಶಾವಳಿ ಉದ್ದವಾಗುವುದು ಎಲ್ಲ ಕಡೆಯೂ ಇದ್ದದ್ದೇ.

ಹೈದರ್ ಇನ್ನೂ ಚಿಕ್ಕ ಹುಡುಗನಾಗಿದ್ದಾಗ ಫತೇ ಮುಹಮ್ಮದ್ ಶಿರಾದ ಅಧಿಕಾರಕ್ಕಾಗಿ ನಡೆದ ಕಾಳಗದಲ್ಲಿ ಸತ್ತರು. ವಾಣಿಜ್ಯ ವಿದ್ಯಾರ್ಥಿಯಾದ ನನ್ನನ್ನು ಮುಂದಿನ ಭಾಗ ಬಹಳ ಕಾಡಿತು. ಸತ್ತವರ ಲೆಕ್ಕದಲ್ಲಿ ಬಾಕಿ ಇದೆ ಎಂದು ದೊಡ್ಡಬಳ್ಳಾಪುರದ ಜಾಗೀರುದಾರ ಅಬ್ಬಾಸ್ ಕುಲಿ ಖಾನ್ ವಿಧವೆಯ ಮನೆಯಲ್ಲಿದ್ದದ್ದನ್ನೆಲ್ಲ ಕಸಿದುಕೊಂಡನು. ಇನ್ನೂ ಹಣ ತೆಗೆಯಲು ಅಣ್ಣ ಶಹಬಾಜ್ ಮತ್ತು ಹೈದರ್ ಇಬ್ಬರನ್ನೂ ನಗಾರಿಯೊಳಗೆ ಕೂರಿಸಿ ಹೊರಗಿನಿಂದ ಬಾರಿಸಿದರಂತೆ. ತಂದೆಯಿಂದ ಆ ಮಕ್ಕಳಿಗೆ ಬಂದ ಆಸ್ತಿ ಸಾಲ ಮಾತ್ರ. ಮೈಸೂರು ಸೇವೆಯಲ್ಲಿದ್ದ ದೊಡ್ಡಪ್ಪನ ಮಗನೊಬ್ಬರು ಅವರನ್ನು ಬಿಡಿಸಿ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದರು. ಅವರ ಹೆಸರೂ ಹೈದರ್ ಎಂದೇ ಇತ್ತು.

ಹೈದರ್ ಅಲಿಯವರು ಓದು ಬರಹ ಕಲಿಯಲಿಲ್ಲ. ಸಹಿಗೆ ತಮ್ಮ ಹೆಸರಿನ ಮೊದಲ ಅಕ್ಷರವೊಂದನ್ನೇ ಹಾಕುತ್ತಿದ್ದರು, ಅದೂ ತಲೆಕೆಳಗಾಗಿ. ಆದರೆ ಕನ್ನಡ, ದಖನಿ, ತೆಲುಗು, ಮರಾಠಿ, ತಮಿಳು ಮಾತನಾಡುತ್ತಿದ್ದರು. ಬಾಯಿಲೆಕ್ಕದಲ್ಲಿ ಕರಣಿಕರನ್ನೂ ಸೋಲಿಸುತ್ತಿದ್ದರು. ಒಂದು ಸಲ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಕ್ಯಾಲ್ಕುಲೇಟರ್ ಇಲ್ಲದೆ ಶೇಕಡಾವಾರು ತೆಗೆಯಲು ತಡವರಿಸುವ ನಮಗೆ ಇದು ಯೋಚಿಸಬೇಕಾದ ಮಾತು.

1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಅವರ ಧೈರ್ಯ ಮೈಸೂರಿನ ದಳವಾಯಿಯ ಕಣ್ಣಿಗೆ ಬಿತ್ತು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರರಾದರು. ಅಲ್ಲಿ ಫ್ರೆಂಚರ ಸಹಾಯದಿಂದ ಫಿರಂಗಿ ಪಡೆ ಕಟ್ಟಿದರು. 1761ರ ಹೊತ್ತಿಗೆ ಮೈಸೂರಿನ ಅಧಿಕಾರವೆಲ್ಲ ಅವರ ಕೈಗೆ ಬಂತು. ಒಡೆಯರ್ ಸಿಂಹಾಸನದಲ್ಲೇ ಉಳಿದರೂ ಆಡಳಿತ ಹೈದರ್ ಅವರದಾಯಿತು. ತಮ್ಮನ್ನು ಬೆಳೆಸಿದವರನ್ನೇ ಬದಿಗೆ ಸರಿಸಿದ್ದು ಅವರ ಬದುಕಿನ ಕಷ್ಟದ ಭಾಗ. ಅದನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ. ಅದೇ ವರ್ಷ ಅವರು ದೊಡ್ಡಬಳ್ಳಾಪುರವನ್ನೂ ಗೆದ್ದರು. ಅಬ್ಬಾಸ್ ಕುಲಿ ಖಾನ್ ಓಡಿಹೋದನು.

1763ರಲ್ಲಿ ಬಿದನೂರು, 1779ರಲ್ಲಿ ಚಿತ್ರದುರ್ಗ ಅವರ ವಶವಾದವು. 1769ರಲ್ಲಿ ಮದ್ರಾಸಿನ ಬಾಗಿಲವರೆಗೆ ಕುದುರೆ ಓಡಿಸಿ ಇಂಗ್ಲಿಷರಿಂದ ಒಪ್ಪಂದ ಬರೆಸಿಕೊಂಡರು. ಮರಾಠರು ಮೈಸೂರಿನ ಮೇಲೆ ಬಂದಾಗ ಇಂಗ್ಲಿಷರು ಸಹಾಯಕ್ಕೆ ಬರಲಿಲ್ಲ. ಆ ಸಿಟ್ಟು ಅವರಲ್ಲಿ ಉಳಿಯಿತು. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಮೈಸೂರು ಪಡೆ ಇಂಗ್ಲಿಷ್ ಪಡೆಯನ್ನು ಸೋಲಿಸಿತು. ಯುದ್ಧ ನಡೆಯುತ್ತಿರುವಾಗಲೇ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಹತ್ತಿರದ ಬಿಡಾರದಲ್ಲಿ ಬೆನ್ನಿನ ಹುಣ್ಣಿನಿಂದ ತೀರಿಕೊಂಡರು. ಮೊದಲು ಕೋಲಾರದಲ್ಲಿ ತಂದೆಯ ಸಮಾಧಿಯ ಬಳಿ ಮಣ್ಣು ಮಾಡಿ, ಆಮೇಲೆ ಶ್ರೀರಂಗಪಟ್ಟಣದ ಗುಂಬಜ್‌ಗೆ ತಂದರು. ಮಗ ಟಿಪ್ಪು 1786ರಲ್ಲಿ ನಮ್ಮ ಕೊಪ್ಪಳದ ಕೋಟೆಯನ್ನು ಪಡೆದು ಫ್ರೆಂಚ್ ಎಂಜಿನಿಯರುಗಳಿಂದ ಭದ್ರಪಡಿಸಿದರು.

ಗುಂಬಜ್‌ನೊಳಗೆ ಮೂರು ಗೋರಿಗಳಿವೆ. ಹೈದರ್, ಟಿಪ್ಪು, ಜೊತೆಗೆ ಟಿಪ್ಪು ಅವರ ತಾಯಿ ಫಕ್ರುನ್ನಿಸಾ. ಆದರೆ ನಾನು ಮೇಲೆ ಬರೆದ ವಂಶಾವಳಿಯನ್ನು ಮತ್ತೆ ಓದಿ ನೋಡಿ, ಅದರಲ್ಲಿ ಒಬ್ಬ ಹೆಣ್ಣಿನ ಹೆಸರೂ ಇಲ್ಲ. ಗಂಡ ಸತ್ತು, ಮನೆ ಲೂಟಿಯಾಗಿ, ಇಬ್ಬರು ಮಕ್ಕಳನ್ನು ಉಳಿಸಿಕೊಂಡ ಆ ತಾಯಿಯನ್ನು ನಾನೂ ವಿಧವೆ ಎಂದಷ್ಟೇ ಬರೆದಿದ್ದೇನೆ.

ಇದು ಹೊಳೆದ ಮೇಲೆ ನಮ್ಮ ಅರ್ಜಿಯನ್ನು ಮತ್ತೆ ತೆಗೆದೆ. ಅದರಲ್ಲಿ ಇಬ್ಬರು ಫುಫೂಗಳ ಹೆಸರು ಬಿಟ್ಟುಹೋಗಿತ್ತು. ಮದುವೆಯಾಗಿ ಒಬ್ಬರು ಕುಷ್ಟಗಿಗೆ, ಒಬ್ಬರು ಯಲಬುರ್ಗಾಕ್ಕೆ ಹೋದವರು. ಅವರಿಗೂ ಹಕ್ಕಿದೆ ಎಂದು ನಾನು ಹೇಳಿದಾಗ ಅಬ್ಬಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ದಾದಿ ಮಾತ್ರ ತಕ್ಷಣ, ದೊಡ್ಡವಳ ಹೆಸರು ಮೊದಲು ಬರಿ ಎಂದರು. ಬರೆದೆ. ಅಬ್ಬಾ ಕೆಳಗೆ ಸಹಿ ಹಾಕಿದರು.